ಬಾಯಿಯ ಕ್ಯಾನ್ಸರ್: ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಏಕೆ ಬರುವುದಿಲ್ಲ?

ಎಲೆಯಡಿಕೆ ಮತ್ತು ಹೊಗೆಸೊಪ್ಪು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಯಾರಾದರೂ ಹೇಳಿದೊಡನೆ ನಮ್ಮ ಜಗಲಿಗಳಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ. "ನಮ್ಮ ಅಜ್ಜ ಎಂಬತ್ತೈದು ವರ್ಷ ಬದುಕಿದರು. ಕೊನೆಯ ದಿನದ ತನಕ ಕವಳ ಬಿಡಲಿಲ್ಲ. ಅವರಿಗೇನೂ ಆಗಲಿಲ್ಲವಲ್ಲ?" ಈ ಪ್ರಶ್ನೆ ನ್ಯಾಯವಾದುದು. ಇದನ್ನು ನಕ್ಕು ತಳ್ಳಿಬಿಡುವುದು ಸರಿಯಲ್ಲ. ಒಂದೇ ಮನೆಯಲ್ಲಿ, ಒಂದೇ ಹರಿವಾಣದಿಂದ ಎಲೆಯಡಿಕೆ ತೆಗೆದುಕೊಂಡ ಇಬ್ಬರಲ್ಲಿ ಒಬ್ಬರಿಗೆ ರೋಗ ಬಂದು ಇನ್ನೊಬ್ಬರಿಗೆ ಬಾರದಿರುವುದು ಉಂಟು. ಇದು ಏಕೆಂದು ವಿಜ್ಞಾನಿಗಳೂ ಬಹಳ ಕಾಲದಿಂದ ಹುಡುಕುತ್ತಿದ್ದಾರೆ. ಅವರಿಗೆ ದೊರೆತ ಉತ್ತರದ ಒಂದು ಅಂಶ ನಾವು ಹುಟ್ಟುವಾಗಲೇ ತಂದೆತಾಯಿಗಳಿಂದ ಪಡೆದು ಬರುವ ವಂಶವಾಹಿಗಳಲ್ಲಿದೆ. ಆ ಉತ್ತರವೇನು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ರೋಗದ ವ್ಯಾಪ್ತಿ

2022ರಲ್ಲಿ ಇಡೀ ಪ್ರಪಂಚದಲ್ಲಿ ಸುಮಾರು 3 ಲಕ್ಷ 90 ಸಾವಿರ ಮಂದಿಗೆ ಹೊಸದಾಗಿ ತುಟಿ ಅಥವಾ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡಿತೆಂದು ಅಂದಾಜು. ಅವರಲ್ಲಿ ಸುಮಾರು 1 ಲಕ್ಷ 43 ಸಾವಿರ ಮಂದಿ ನಮ್ಮ ದೇಶದವರು. ಎಂದರೆ ಪ್ರಪಂಚದ ಮೂವರು ರೋಗಿಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಭಾರತೀಯರು. ಅದೇ ವರ್ಷ ಈ ರೋಗದಿಂದ ಭಾರತದಲ್ಲಿ ತೀರಿಕೊಂಡವರು ಸುಮಾರು 80 ಸಾವಿರ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022ರ ಭಾರತದ ರೋಗಿಗಳಲ್ಲಿ 83,400 ಮಂದಿಗೆ ರೋಗ ಬರಲು ಜಗಿಯುವ ಹೊಗೆಸೊಪ್ಪು ಮತ್ತು ಅಡಿಕೆಯೇ ಕಾರಣ. ಇವೆರಡು ಇಲ್ಲದಿದ್ದರೆ ಅಷ್ಟು ಮನೆಗಳಿಗೆ ಈ ಕಷ್ಟ ಬರುತ್ತಿರಲಿಲ್ಲ.

ಉರಿಯೂತವೆಂದರೇನು?

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಇದಕ್ಕೆ ಉರಿಯೂತ ಎಂದು ಹೆಸರು. ಇದು ರೋಗವಲ್ಲ, ದೇಹವು ಗಾಯವನ್ನು ವಾಸಿಮಾಡುವ ಕ್ರಮ. ಗಾಯವಾದೊಡನೆ ಅಲ್ಲಿನ ಜೀವಕೋಶಗಳು ಕೆಲವು ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ರಕ್ತದಲ್ಲಿರುವ ಬಿಳಿಕಣಗಳು ಆ ಕರೆಯನ್ನು ಕೇಳಿ ಬಂದು ಸೇರುತ್ತವೆ. ಕೊಳಕನ್ನು ತಿಂದು ತೆಗೆಯುತ್ತವೆ. ಹೊಸ ಕೋಶಗಳು ಬೆಳೆಯುತ್ತವೆ. ಕೆಲಸ ಮುಗಿದ ಮೇಲೆ ಬೇರೆ ಸಂದೇಶಗಳು ಹೊರಟು ಎಲ್ಲವನ್ನೂ ಶಾಂತಗೊಳಿಸುತ್ತವೆ. ಕರೆಯುವ ಸಂದೇಶಗಳಲ್ಲಿ ಟಿ.ಎನ್.ಎಫ್., ಇಂಟರ್‌ಲ್ಯೂಕಿನ್ 6, ಇಂಟರ್‌ಲ್ಯೂಕಿನ್ 8 ಎಂಬವು ಮುಖ್ಯವಾದವು. ಶಾಂತಗೊಳಿಸುವ ಸಂದೇಶಗಳಲ್ಲಿ ಇಂಟರ್‌ಲ್ಯೂಕಿನ್ 10 ಮುಖ್ಯವಾದುದು.

ಮುಳ್ಳು ತೆಗೆದರೆ ಉರಿಯೂತ ನಾಲ್ಕಾರು ದಿನಗಳಲ್ಲಿ ಇಳಿಯುತ್ತದೆ. ಆದರೆ ಮುಳ್ಳನ್ನು ತೆಗೆಯದೆ ಪ್ರತಿದಿನವೂ ಅದೇ ಜಾಗಕ್ಕೆ ಚುಚ್ಚುತ್ತಿದ್ದರೆ ಏನಾದೀತು? ಕೆನ್ನೆಯ ಸಂದಿಯಲ್ಲಿ ಗಂಟೆಗಟ್ಟಲೆ ಕವಳ ಇಟ್ಟುಕೊಳ್ಳುವವರ ಬಾಯಿಯಲ್ಲಿ ಆಗುವುದು ಇದೇ. ಅಡಿಕೆಯ ಗಟ್ಟಿ ನಾರು ಬಾಯಿಯ ಮೆತ್ತನೆಯ ಒಳಪೊರೆಯನ್ನು ಉಜ್ಜುತ್ತದೆ. ಸುಣ್ಣದ ಖಾರವು ಅದನ್ನು ಸುಡುತ್ತದೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ವಸ್ತುವು ಕೋಶಗಳಿಗೆ ವಿಷವಾಗುತ್ತದೆ. ಹೊಗೆಸೊಪ್ಪಿನಲ್ಲಿ ನೇರವಾಗಿ ಕ್ಯಾನ್ಸರ್ ಹುಟ್ಟಿಸುವ ವಸ್ತುಗಳೇ ಇವೆ. ಉರಿಯೂತ ಏಳುತ್ತದೆ, ಇಳಿಯುವ ಮೊದಲೇ ಮತ್ತೊಂದು ಕವಳ ಬಾಯಿ ಸೇರುತ್ತದೆ. ಹೀಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷ ನಡೆಯುತ್ತದೆ. ಸದಾ ಗಾಯ, ಸದಾ ದುರಸ್ತಿ. ದುರಸ್ತಿಗೆಂದು ಕೋಶಗಳು ಮತ್ತೆ ಮತ್ತೆ ಒಡೆದು ಎರಡಾಗುತ್ತಿರುವಾಗ ಅವುಗಳ ಒಳಗಿನ ಬರಹದಲ್ಲಿ ತಪ್ಪುಗಳು ಸೇರಿಕೊಳ್ಳುತ್ತವೆ. ತಪ್ಪುಗಳು ಕೂಡುತ್ತಾ ಹೋಗಿ ಒಂದು ದಿನ ಒಂದು ಕೋಶವು ಹತೋಟಿ ಮೀರಿ ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್. ಬಹುಕಾಲದ ಉರಿಯೂತವಿದ್ದಲ್ಲಿ ಕ್ಯಾನ್ಸರ್ ಹುಟ್ಟುತ್ತದೆಂದು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1863ರಷ್ಟು ಹಿಂದೆಯೇ ಸೂಚಿಸಿದ್ದನು. ಈಗ ಅದರ ವಿವರಗಳು ನಮಗೆ ತಿಳಿದಿವೆ.

ಕಿಂಡಿ ಅಣೆಕಟ್ಟಿನ ಹಲಗೆಗಳು

ಇದನ್ನು ನಮ್ಮ ಊರಿನ ಕೆಲಸದಿಂದಲೇ ತಿಳಿಯಬಹುದು. ಸ್ವರ್ಣಾ ನದಿಯ ಕೊನೆಯ ಭಾಗದಲ್ಲಿರುವ ಕೆಮ್ಮಣ್ಣಿನಂಥ ಊರುಗಳವರಿಗೆ ಉಬ್ಬರದ ಉಪ್ಪುನೀರಿನ ಉಪದ್ರವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ತಕ್ಕ ಕಾಲದಲ್ಲಿ ತೆಗೆಯಬೇಕು, ತಕ್ಕ ಕಾಲದಲ್ಲಿ ಹಾಕಬೇಕು. ಮಳೆಗಾಲದಲ್ಲಿ ತೆಗೆಯದಿದ್ದರೆ ನೆರೆ. ಬೇಸಿಗೆಯಲ್ಲಿ ಹಾಕದಿದ್ದರೆ ಗದ್ದೆಗೆ ಉಪ್ಪು. ಉರಿಯೂತವೂ ಹಾಗೆಯೇ. ಬೇಕಾದಾಗ ತೆರೆದುಕೊಳ್ಳಬೇಕು, ಕೆಲಸ ಮುಗಿದಾಗ ಮುಚ್ಚಿಕೊಳ್ಳಬೇಕು.

ಎಲ್ಲ ಅಣೆಕಟ್ಟುಗಳ ಹಲಗೆಗಳೂ ಒಂದೇ ಸಮನೆ ಕೂರುವುದಿಲ್ಲ. ಒಂದರಲ್ಲಿ ಬಿಗಿಯಾಗಿ ಕೂರುತ್ತವೆ. ಇನ್ನೊಂದರಲ್ಲಿ ಬೆರಳಷ್ಟು ಸಂದು ಉಳಿಯುತ್ತದೆ. ಮನುಷ್ಯರಲ್ಲಿಯೂ ಈ ಭೇದ ಹುಟ್ಟಿನಿಂದಲೇ ಇದೆ. ಒಬ್ಬನ ದೇಹದಲ್ಲಿ ಉರಿಯೂತ ಬೇಗ ಏಳುತ್ತದೆ, ತಡವಾಗಿ ಇಳಿಯುತ್ತದೆ. ಇನ್ನೊಬ್ಬನಲ್ಲಿ ಮಿತವಾಗಿ ಎದ್ದು ಬೇಗ ಇಳಿಯುತ್ತದೆ. ಈ ಭೇದವನ್ನು ಬರೆದಿಟ್ಟಿರುವುದು ವಂಶವಾಹಿಗಳಲ್ಲಿ.

ವಂಶವಾಹಿಯ ಅಕ್ಷರಭೇದ

ಪ್ರತಿಯೊಂದು ಜೀವಕೋಶದ ಒಳಗೂ ಡಿ.ಎನ್.ಎ. ಎಂಬ ಬಹು ಉದ್ದವಾದ ಎಳೆಯಿದೆ. ಅದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಪುಸ್ತಕವಿದ್ದಂತೆ. ಅಕ್ಷರಗಳ ಸಂಖ್ಯೆ ಸುಮಾರು 300 ಕೋಟಿ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ ನಮಗೆ ಬರುತ್ತದೆ. ಈ ಪುಸ್ತಕದಲ್ಲಿ ಒಂದೊಂದು ವಸ್ತುವನ್ನು ತಯಾರಿಸುವ ಕ್ರಮವನ್ನು ಹೇಳುವ ಒಂದೊಂದು ಅಧ್ಯಾಯಕ್ಕೆ ವಂಶವಾಹಿ ಅಥವಾ ಜೀನ್ ಎನ್ನುತ್ತಾರೆ. ಎಲ್ಲ ಮನುಷ್ಯರ ಪುಸ್ತಕವೂ ಬಹುಮಟ್ಟಿಗೆ ಒಂದೇ. ಅಲ್ಲಲ್ಲಿ ಮಾತ್ರ ಒಂದೊಂದು ಅಕ್ಷರ ಬೇರೆಯಾಗಿರುತ್ತದೆ. ಇದು ರೋಗವಲ್ಲ, ದೋಷವೂ ಅಲ್ಲ. ಭತ್ತದಲ್ಲಿ ತಳಿಭೇದಗಳಿರುವಂತೆ ಇದೂ ಒಂದು ಭೇದ.

ಒಂದು ಉದಾಹರಣೆ ನೋಡಿ. ಟಿ.ಎನ್.ಎಫ್. ಎಂಬ ಸಂದೇಶವನ್ನು ತಯಾರಿಸುವ ವಂಶವಾಹಿಯ ಆರಂಭಕ್ಕಿಂತ 308 ಅಕ್ಷರ ಹಿಂದೆ ಒಂದು ಸ್ಥಾನವಿದೆ. ಹೆಚ್ಚಿನವರಲ್ಲಿ ಅಲ್ಲಿ ಜಿ ಎಂಬ ಅಕ್ಷರವಿರುತ್ತದೆ. ಕೆಲವರಲ್ಲಿ ಎ ಇರುತ್ತದೆ. ಈ ಸ್ಥಾನವು ಸಂದೇಶ ಎಷ್ಟು ತಯಾರಾಗಬೇಕೆಂಬುದನ್ನು ನಿಯಂತ್ರಿಸುವ ಭಾಗದಲ್ಲಿದೆ. ಎಂದರೆ, ಹಲಗೆಯ ಬಿಗಿತ ಸಡಿಲತೆಗಳನ್ನು ನಿರ್ಣಯಿಸುವ ಜಾಗ. ಇಂಟರ್‌ಲ್ಯೂಕಿನ್ 6ರಲ್ಲಿ 174ನೆಯ ಸ್ಥಾನ, ಇಂಟರ್‌ಲ್ಯೂಕಿನ್ 8ರಲ್ಲಿ 251ನೆಯ ಸ್ಥಾನ, ಇಂಟರ್‌ಲ್ಯೂಕಿನ್ 10ರಲ್ಲಿ 1082ನೆಯ ಸ್ಥಾನ ಇಂಥವೇ.

ಸಂಶೋಧಕರು ಕಂಡುದೇನು?

ಹೊಸ ತಳಿಯನ್ನು ಪರೀಕ್ಷಿಸುವಾಗ ಎರಡು ತಾಕುಗಳನ್ನು ಮಾಡಿ ಹೋಲಿಸುತ್ತೇವೆ. ಸಂಶೋಧಕರೂ ಹಾಗೆಯೇ ಬಾಯಿಯ ಕ್ಯಾನ್ಸರ್ ಬಂದವರ ಒಂದು ಗುಂಪನ್ನೂ ಬಾರದವರ ಒಂದು ಗುಂಪನ್ನೂ ಆರಿಸಿ, ಈ ಅಕ್ಷರಗಳು ಯಾವ ಗುಂಪಿನಲ್ಲಿ ಹೆಚ್ಚಾಗಿವೆಯೆಂದು ಎಣಿಸಿದರು. ಗ್ರೀಸ್ ಮತ್ತು ಜರ್ಮನಿಗಳಲ್ಲಿ, ತೈವಾನಿನಲ್ಲಿ, ನಮ್ಮ ಭಾರತದಲ್ಲಿ ಇಂಥ ಅಧ್ಯಯನಗಳು ನಡೆದಿವೆ. ಟಿ.ಎನ್.ಎಫ್., ಇಂಟರ್‌ಲ್ಯೂಕಿನ್ ಮೊದಲಾದವುಗಳ ಕೆಲವು ಅಕ್ಷರಗಳು ರೋಗಿಗಳಲ್ಲಿ ಹೆಚ್ಚಾಗಿರುವುದು ಹಲವು ಕಡೆ ಕಂಡುಬಂದಿತು.

ಆದರೆ ಒಂದು ವರ್ಷದ ಒಂದು ತಾಕಿನ ಇಳುವರಿಯನ್ನು ನಂಬಿ ಯಾವ ರೈತನೂ ತಳಿಯನ್ನು ಬದಲಾಯಿಸುವುದಿಲ್ಲ. ಈ ಅಧ್ಯಯನಗಳಲ್ಲಿ ಹೆಚ್ಚಿನವು ನೂರಿನ್ನೂರು ರೋಗಿಗಳ ಚಿಕ್ಕ ಅಧ್ಯಯನಗಳು. ಒಂದು ದೇಶದಲ್ಲಿ ಕಂಡ ಫಲ ಇನ್ನೊಂದು ದೇಶದಲ್ಲಿ ಕಾಣಲಿಲ್ಲ. ಕೆಲವು ಕಡೆ ತಿರುಗುಮುರುಗಾಯಿತು. ಆದುದರಿಂದ ಮುಂದೆ ದೊಡ್ಡ ಅಧ್ಯಯನಗಳು ನಡೆದವು. 2016ರಲ್ಲಿ ಯುರೋಪು, ಉತ್ತರ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ 6 ಸಾವಿರಕ್ಕೂ ಹೆಚ್ಚು ರೋಗಿಗಳನ್ನೂ ಅಷ್ಟೇ ಆರೋಗ್ಯವಂತರನ್ನೂ ಹೋಲಿಸಿದ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಅಪಾಯಕ್ಕೆ ಸಂಬಂಧಪಟ್ಟ ಹಲವು ಸ್ಥಾನಗಳು ಖಚಿತವಾಗಿ ಸಿಕ್ಕಿದವು. ಗಂಟಲಿನ ಕ್ಯಾನ್ಸರಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯ ವಂಶವಾಹಿಗಳೂ ಎದ್ದು ಕಂಡವು. ಆದರೆ ಇಂಟರ್‌ಲ್ಯೂಕಿನ್ 6 ಮತ್ತು 10ರ ಅಕ್ಷರಗಳು ಆ ಪಟ್ಟಿಯಲ್ಲಿ ಕಾಣಿಸಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು ಕೆನ್ನೆಯ ಒಳಭಾಗದ ಕ್ಯಾನ್ಸರಿನ ಭಾರತೀಯ ರೋಗಿಗಳಲ್ಲಿಯೇ ಇಂಥ ದೊಡ್ಡ ಅಧ್ಯಯನ ನಡೆಸಿದ್ದಾರೆ. ಹೊಗೆಸೊಪ್ಪು ಜಗಿಯುವವರಲ್ಲಿ ವಂಶವಾಹಿಯ ಅಪಾಯವೂ ಹೆಚ್ಚಾಗಿದ್ದವರಿಗೆ ರೋಗವು ಇನ್ನೂ ಚಿಕ್ಕ ವಯಸ್ಸಿನಲ್ಲಿ ಬಂದುದು ಅವರಿಗೆ ಕಂಡುಬಂದಿದೆ.

ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಿ

ಈಗ ಮುಖ್ಯವಾದ ಮಾತಿಗೆ ಬರೋಣ. ಒಂದು ಅಕ್ಷರಭೇದದಿಂದ ಹೆಚ್ಚುವ ಅಪಾಯ ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ಪಟ್ಟಿನ ಆಸುಪಾಸಿನಲ್ಲಿದೆ. ಜಗಿಯುವುದರಿಂದ ಹೆಚ್ಚುವ ಅಪಾಯವೆಷ್ಟು? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಲೆಕ್ಕ ಹಾಕಿದಾಗ, ಭಾರತ ಉಪಖಂಡದಲ್ಲಿ ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆ ಜಗಿಯುವವರಿಗೆ ಅಪಾಯವು ಜಗಿಯದವರಿಗಿಂತ ಏಳೂವರೆ ಪಟ್ಟಿಗೂ ಹೆಚ್ಚು. ಹೊಗೆಸೊಪ್ಪಿಲ್ಲದೆ ಜಗಿಯುವವರಿಗೂ ಸುಮಾರು ಎರಡೂವರೆ ಪಟ್ಟು ಎಂದು ತಿಳಿಯಿತು. ಅದರ ಜತೆಗೆ ಬೀಡಿ, ಮದ್ಯಗಳೂ ಸೇರಿದರೆ ಅಪಾಯ ಇನ್ನೂ ಏರುತ್ತದೆ.

ಸಡಿಲವಾದ ಹಲಗೆ ಸಣ್ಣ ಕಾರಣ. ದಿನವೂ ಏರಿ ಬರುವ ಉಪ್ಪುನೀರು ದೊಡ್ಡ ಕಾರಣ. ಉಪ್ಪುನೀರೇ ಬಾರದಿದ್ದರೆ ಹಲಗೆ ಸಡಿಲವಿದ್ದರೂ ಗದ್ದೆಗೆ ಹಾನಿಯಿಲ್ಲ. ಉಪ್ಪುನೀರು ದಿನವೂ ಬರುತ್ತಿದ್ದರೆ ಬಿಗಿಯಾದ ಹಲಗೆಯೂ ಎಷ್ಟು ವರ್ಷ ತಡೆದೀತು?

ಇನ್ನೊಂದು ವಿಷಯ. ಹುಟ್ಟಿನಿಂದ ಬಂದ ಅಕ್ಷರವನ್ನು ನಾವು ತಿದ್ದಲಾರೆವು. ಬಾಯಿಗೆ ಹಾಕುವುದನ್ನು ನಾವು ಇಂದೇ ನಿಲ್ಲಿಸಬಹುದು.

ಅಜ್ಜನ ಮಾತಿಗೆ ಉತ್ತರ

ಹಾಗಾದರೆ ಎಂಬತ್ತೈದು ವರ್ಷ ಬದುಕಿದ ಅಜ್ಜನಿಗೆ ರೋಗವೇಕೆ ಬರಲಿಲ್ಲ? ಅವರ ದೇಹದ ಹಲಗೆಗಳು ಬಿಗಿಯಾಗಿದ್ದಿರಬಹುದು. ಅವರು ದಿನಕ್ಕೆರಡು ಬಾರಿ ಊಟವಾದ ಮೇಲೆ ಮಾತ್ರ ಹಾಕಿ ಬಾಯಿ ತೊಳೆಯುತ್ತಿದ್ದಿರಬಹುದು. ಹೊಗೆಸೊಪ್ಪು ಸೇರಿಸದೆ ಇದ್ದಿರಬಹುದು. ಅದೃಷ್ಟವೂ ಇದ್ದೀತು. ಆದರೆ ಅಜ್ಜನ ವಂಶವಾಹಿಗಳಲ್ಲಿ ಮೊಮ್ಮಗನಿಗೆ ಬರುವುದು ನಾಲ್ಕರಲ್ಲಿ ಸುಮಾರು ಒಂದು ಭಾಗ ಮಾತ್ರ. ಉಳಿದ ಮೂರು ಭಾಗ ಅಜ್ಜಿಯಿಂದಲೂ ತಾಯಿಯ ಕಡೆಯ ಅಜ್ಜ ಅಜ್ಜಿಯರಿಂದಲೂ ಬಂದುದು. ಅಜ್ಜನನ್ನು ಕಾಪಾಡಿದ ಅಕ್ಷರಗಳು ನಿಮಗೆ ಬಂದಿವೆಯೆಂದು ಯಾರು ಬಲ್ಲರು? ಬೆಂಕಿರೋಗ ಬಂದ ವರ್ಷವೂ ಅಜ್ಜನ ಗದ್ದೆಯ ಹಳೆಯ ತಳಿ ನಿಂತಿತೆಂದು ಹೇಳಿ, ಬೇರೆ ಬೀಜ ಬಿತ್ತಿದವನು ನಿಶ್ಚಿಂತೆಯಿಂದ ಕುಳಿತರೆ ಫಲವೇನಾದೀತು? ಅಜ್ಜನಿಗೆ ಏನೂ ಆಗಲಿಲ್ಲವೆಂಬುದು ಅಜ್ಜನ ಮಟ್ಟಿಗೆ ಮಾತ್ರ ಸತ್ಯ.

ಇದಕ್ಕೆ ವಿರುದ್ಧವಾದ ಮಾತೂ ಒಂದುಂಟು. "ಎಲ್ಲ ಹಣೆಯಲ್ಲಿ ಬರೆದಂತೆ. ನಮ್ಮ ವಂಶದಲ್ಲೇ ಇದ್ದರೆ ಬಿಟ್ಟರೂ ಬರುತ್ತದೆ." ಇದೂ ತಪ್ಪು ತಿಳಿವಳಿಕೆ. ವಂಶವಾಹಿಯ ಬರಹ ಹಣೆಬರಹವಲ್ಲ. ಅಪಾಯದ ಅಕ್ಷರ ಇರುವವರಲ್ಲಿ ಬಹುಮಂದಿಗೆ ರೋಗ ಬರುವುದೇ ಇಲ್ಲ. ತಂದೆಗೋ ತಾಯಿಗೋ ಬಾಯಿಯ ಕ್ಯಾನ್ಸರ್ ಬಂದ ಮನೆಯ ಮಕ್ಕಳು ಹೆದರಿ ಕೂರಬೇಕಾಗಿಲ್ಲ; ಅಂಥ ಮನೆಯಲ್ಲಿ ಎಲೆಯಡಿಕೆಯ ಹರಿವಾಣವನ್ನೂ ಹೊಗೆಸೊಪ್ಪನ್ನೂ ಮೊದಲು ದೂರವಿಡಬೇಕು. ಆ ಮನೆಯೊಡನೆ ಸಂಬಂಧ ಬೆಳೆಸಲು ಹಿಂಜರಿಯುವುದಂತೂ ಅಜ್ಞಾನ. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ರಕ್ತ ಪರೀಕ್ಷೆಯಿಂದ ಮೊದಲೇ ತಿಳಿಯಬಹುದೇ?

ಇಂದಿನ ಮಟ್ಟಿಗೆ ಇಲ್ಲ. ನಿಮಗೆ ಬಾಯಿಯ ಕ್ಯಾನ್ಸರ್ ಬರುತ್ತದೆ ಅಥವಾ ಬರುವುದಿಲ್ಲ ಎಂದು ವಂಶವಾಹಿಗಳನ್ನು ಓದಿ ಹೇಳಬಲ್ಲ ಪರೀಕ್ಷೆ ಬಳಕೆಗೆ ಬಂದಿಲ್ಲ. ಅಂಥ ಪರೀಕ್ಷೆ ಮಾಡಿಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಆ ಪರೀಕ್ಷೆಯ ಫಲ ಏನೇ ಬಂದರೂ ವೈದ್ಯರು ಕೊಡುವ ಸಲಹೆ ಒಂದೇ: ಜಗಿಯುವುದನ್ನು ಬಿಡಿ, ಬಾಯಿಯನ್ನು ಪರೀಕ್ಷಿಸಿಕೊಳ್ಳಿ. ಈ ಎರಡಕ್ಕೂ ಕಾಸಿನ ಖರ್ಚಿಲ್ಲ.

ಕಣ್ಣಿನ ಪರೀಕ್ಷೆಯೇ ಸಾಕು

ಹೊಟ್ಟೆಯ ಒಳಗಿನ ಗಂತಿಯನ್ನು ಕಾಣಲು ಯಂತ್ರ ಬೇಕು. ಬಾಯಿಯ ರೋಗವನ್ನು ಬರಿಗಣ್ಣಿನಿಂದಲೇ ಕಾಣಬಹುದು. ಇದು ನಮ್ಮ ಭಾಗ್ಯ. ಇದಕ್ಕೆ ಒಳ್ಳೆಯ ಸಾಕ್ಷ್ಯ ನಮ್ಮ ನೆರೆಯ ಕೇರಳದಲ್ಲಿಯೇ ಇದೆ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತು ಪ್ರದೇಶಗಳನ್ನು ಎರಡು ಪಂಗಡ ಮಾಡಲಾಯಿತು. ಒಂದು ಪಂಗಡದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಟಾರ್ಚಿನ ಬೆಳಕಿನಲ್ಲಿ ಜನರ ಬಾಯಿ ನೋಡಿದರು. ಸಂಶಯವಿದ್ದವರನ್ನು ವೈದ್ಯರ ಬಳಿಗೆ ಕಳುಹಿಸಿದರು. ಇನ್ನೊಂದು ಪಂಗಡದಲ್ಲಿ ಎಂದಿನಂತೆ ಬಿಟ್ಟರು. ಎರಡರಲ್ಲೂ ಸೇರಿ ಸುಮಾರು 1 ಲಕ್ಷ 90 ಸಾವಿರ ಜನ. 2005ರಲ್ಲಿ ಫಲ ಪ್ರಕಟವಾಯಿತು. ಹೊಗೆಸೊಪ್ಪು ಅಥವಾ ಮದ್ಯ ಬಳಸುವವರಲ್ಲಿ, ಬಾಯಿ ನೋಡಿಸಿಕೊಂಡ ಪಂಗಡದಲ್ಲಿ ಸಾವು 34 ಶೇಕಡಾ ಕಡಮೆಯಾಗಿತ್ತು. ಟಾರ್ಚು, ಕಣ್ಣು, ತಾಳ್ಮೆ ಇವಿಷ್ಟರಿಂದ ಉಳಿದ ಪ್ರಾಣಗಳು ಅವು.

ತಿಂಗಳಿಗೊಮ್ಮೆ ಮನೆಯಲ್ಲಿಯೇ ಹೀಗೆ ನೋಡಿಕೊಳ್ಳಿ:

1. ಬಾಯಿಯನ್ನು ಚೆನ್ನಾಗಿ ಮುಕ್ಕಳಿಸಿ, ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಲ್ಲಿ.
2. ತುಟಿಗಳನ್ನು ಮಡಚಿ ಒಳಭಾಗವನ್ನೂ ಒಸಡುಗಳನ್ನೂ ನೋಡಿ.
3. ಬೆರಳಿನಿಂದ ಕೆನ್ನೆಗಳನ್ನು ಹಿಗ್ಗಿಸಿ ಒಳಭಾಗ ನೋಡಿ. ಕವಳ ಇಟ್ಟುಕೊಳ್ಳುವ ಜಾಗವನ್ನು ವಿಶೇಷವಾಗಿ ಗಮನಿಸಿ.
4. ನಾಲಗೆಯನ್ನು ಹೊರಚಾಚಿ ಎರಡು ಅಂಚುಗಳನ್ನೂ, ಮೇಲೆತ್ತಿ ಅಡಿಭಾಗವನ್ನೂ ನೋಡಿ. ತಲೆ ಹಿಂದಕ್ಕೆ ಬಾಗಿಸಿ ಅಂಗುಳನ್ನು ನೋಡಿ.
5. ಮೂರು ಬೆರಳುಗಳನ್ನು ಒಂದರ ಮೇಲೊಂದು ಇರುವಂತೆ ಹಿಡಿದು ಬಾಯಿಯೊಳಗೆ ಹೋಗುವುದೋ ನೋಡಿ.
6. ಕತ್ತಿನ ಎರಡು ಬದಿಗಳನ್ನೂ ಮುಟ್ಟಿ ಗಂಟುಗಳಿವೆಯೋ ಪರೀಕ್ಷಿಸಿ.

ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಿಂದರೆ ಸಹಿಸಲಾಗದ ಉರಿ, ದಿನದಿನಕ್ಕೆ ಕಿರಿದಾಗುವ ಬಾಯಿ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕತ್ತಿನ ಗಂಟು: ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡಬೇಡಿ. ಆರಂಭದಲ್ಲಿ ಈ ಹುಣ್ಣಿಗೆ ನೋವಿರುವುದಿಲ್ಲ. ನೋವಿಲ್ಲವೆಂದೇ ಜನರು ಸುಮ್ಮನಿರುತ್ತಾರೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವವರೆಗೆ ಕಾಯಬಾರದು. ಮೊದಲ ಹಂತದಲ್ಲಿ ಬಂದವರಲ್ಲಿ ಹೆಚ್ಚಿನವರು ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಗುಣಹೊಂದುತ್ತಾರೆ. ತಡವಾಗಿ ಬಂದವರಿಗೆ ದವಡೆಯ ಎಲುಬನ್ನೇ ತೆಗೆಯಬೇಕಾದೀತು.

ಮೂವತ್ತು ವರ್ಷ ದಾಟಿದ ಎಲ್ಲರ ಬಾಯಿಯನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷಿಸುವ ಕಾರ್ಯಕ್ರಮ ಸರಕಾರದ್ದೇ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ ಕೇಳಿ. ಸಂಶಯ ಬಿದ್ದರೆ ಉಡುಪಿಯ ಜಿಲ್ಲಾ ಆಸ್ಪತ್ರೆಯಿದೆ. 1953ರಲ್ಲಿ ಸ್ಥಾಪನೆಯಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜೂ 1965ರಲ್ಲಿ ಆರಂಭವಾದ ದಂತವೈದ್ಯ ಕಾಲೇಜೂ ಮಣಿಪಾಲದಲ್ಲಿವೆ. ಬೇರೆ ಜಿಲ್ಲೆಗಳವರು ದಿನಗಟ್ಟಲೆ ಪ್ರಯಾಣ ಮಾಡಿ ಬರುವ ಊರು ನಮಗೆ ಬಸ್ಸಿನ ದಾರಿ.

ಬಿಡುವುದು ಹೇಗೆ?

ಬಹುಕಾಲದ ಚಟ ಒಂದೇ ದಿನಕ್ಕೆ ಹೋಗುವುದಿಲ್ಲ, ಹೋಗದಿದ್ದರೆ ನಾಚಿಕೆಪಡಬೇಕಾಗಿಲ್ಲ. ಮೊದಲು ಒಂದು ದಿನವನ್ನು ಗೊತ್ತುಮಾಡಿ ಮನೆಯವರಿಗೆ ತಿಳಿಸಿ. ಸೊಂಟದ ಚೀಲವನ್ನೂ ಸುಣ್ಣದ ಡಬ್ಬಿಯನ್ನೂ ಕಣ್ಣಿಗೆ ಕಾಣದಂತೆ ತೆಗೆದಿಡಿ. ಬಾಯಿ ಬಯಸಿದಾಗ ಏಲಕ್ಕಿ, ಲವಂಗ, ಜೀರಿಗೆಯಂಥದನ್ನು ಹಾಕಿಕೊಳ್ಳಿ. ಮೊದಲ ಎರಡು ಮೂರು ವಾರ ಕಷ್ಟ, ಆಮೇಲೆ ಹಗುರ. ಹೊಗೆಸೊಪ್ಪು ಬಿಡಲು ಸಹಾಯ ಬೇಕಾದವರು 1800-11-2356 ಎಂಬ ಸಂಖ್ಯೆಗೆ ಕರೆ ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುತ್ತದೆ. ಬಿಟ್ಟವರಲ್ಲಿ ಉರಿಯೂತ ಇಳಿಯುತ್ತದೆ, ಬಿಳಿ ಮಚ್ಚೆಗಳು ಎಷ್ಟೋ ಸಲ ಮಾಯುತ್ತವೆ, ವರ್ಷಗಳು ಕಳೆದಂತೆ ಅಪಾಯ ಕಡಮೆಯಾಗುತ್ತದೆ. ಆದರೆ ಅಡಿಕೆಯಿಂದ ಕೆನ್ನೆಯ ಒಳಭಾಗ ಹುರಿಯಂತೆ ಗಟ್ಟಿಯಾಗಿ ಬಾಯಿ ಕಿರಿದಾಗಿದ್ದರೆ ಅದು ಪೂರ್ಣವಾಗಿ ಮೊದಲಿನಂತಾಗುವುದಿಲ್ಲ. ಆದುದರಿಂದ ಬೇಗ ಬಿಟ್ಟಷ್ಟೂ ಲಾಭ.

ತಾಂಬೂಲದ ಮಾತು

ಅಡಿಕೆ ನಮ್ಮ ತೋಟದ ಬೆಳೆ. ಸಾವಿರಾರು ಮನೆಗಳ ಅನ್ನ. ವೀಳ್ಯವಿಲ್ಲದೆ ಮದುವೆಯಿಲ್ಲ, ಕೋಲವಿಲ್ಲ, ಮುಹೂರ್ತವಿಲ್ಲ. ಹೀಗಿರುವಾಗ ಅಡಿಕೆಯನ್ನು ದೂರುವುದು ಬೆಳೆಗಾರರಿಗೆ ನೋವಿನ ಮಾತು; ಲಿಯಾನಿನ ಸಂಸ್ಥೆ 2004ರಲ್ಲಿ ಪ್ರಕಟಿಸಿದ ನಿರ್ಣಯದಲ್ಲಿ ಅಡಿಕೆಯೊಂದೇ ಕ್ಯಾನ್ಸರ್‌ಕಾರಕವೆಂದು ಹೇಳಿದುದನ್ನು ಬೆಳೆಗಾರರ ಸಂಘಟನೆಗಳು ಒಪ್ಪಿಲ್ಲ. ಆದರೆ ಬೆಳೆಯನ್ನು ಪ್ರೀತಿಸುವವರೂ ತಮ್ಮ ಮಕ್ಕಳನ್ನು ಅದಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಾರೆ. ಬಂದವರಿಗೆ ವೀಳ್ಯ ಕೊಟ್ಟು ಗೌರವಿಸುವುದು ಸಂಪ್ರದಾಯ; ಇಡೀ ದಿನ ಕೆನ್ನೆಯಲ್ಲಿ ಕವಳ ಇಟ್ಟುಕೊಳ್ಳಬೇಕೆಂದು ಯಾವ ಸಂಪ್ರದಾಯವೂ ಹೇಳಿಲ್ಲ. ತೆಗೆದುಕೊಂಡ ವೀಳ್ಯವನ್ನು ಕಣ್ಣಿಗೊತ್ತಿ ಹಿಂದಿರುಗಿ ಇಟ್ಟರೆ ಕೊಟ್ಟವರ ಗೌರವಕ್ಕೂ ಕುಂದಿಲ್ಲ, ಪಡೆದವರ ಬಾಯಿಗೂ ಕೇಡಿಲ್ಲ. ಗುಟ್ಕಾವಂತೂ ನಮ್ಮ ಸಂಪ್ರದಾಯವೇ ಅಲ್ಲ. ಅದನ್ನು ಕರ್ನಾಟಕ ಸರಕಾರ 2013ರಲ್ಲಿ ನಿಷೇಧಿಸಿತು. ಹೊಗೆಸೊಪ್ಪಿನ ಪುಡಿಯನ್ನೂ ಅಡಿಕೆಯನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ತಂದು ಬೆರೆಸಿ ತಿಂದರೆ ದೇಹಕ್ಕೆ ಅದೇ ಗುಟ್ಕಾ.

ಕೊಳೆರೋಗಕ್ಕೆ ಮಳೆ ಬೀಳುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಯಾವ ಮರಕ್ಕೆ ರೋಗ ಬಂದೀತು, ಯಾವುದಕ್ಕೆ ಬಾರದು ಎಂದು ಕಾದು ನೋಡುವುದಿಲ್ಲ. ಎಲ್ಲ ಮರಗಳಿಗೂ ಸಿಂಪಡಿಸುತ್ತೇವೆ. ತೋಟದಲ್ಲಿ ತೋರಿಸುವ ಈ ಜಾಣತನವನ್ನು ನಮ್ಮ ಬಾಯಿಯ ವಿಷಯದಲ್ಲಿಯೂ ತೋರಿಸೋಣ.

ಸಂಘದ ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು

1. ಉರಿಯೂತ ಯಾವಾಗ ಉಪಕಾರಿ, ಯಾವಾಗ ಅಪಾಯಕಾರಿ?
2. ಒಂದೇ ಚಟವಿರುವ ಇಬ್ಬರಲ್ಲಿ ಒಬ್ಬರಿಗೇ ರೋಗ ಬರಲು ಕಾರಣಗಳೇನಿರಬಹುದು?
3. ವಂಶವಾಹಿಯ ಅಪಾಯ ದೊಡ್ಡದೋ, ಜಗಿಯುವ ಅಪಾಯ ದೊಡ್ಡದೋ? ಯಾವುದು ನಮ್ಮ ಕೈಯಲ್ಲಿದೆ?
4. ನಮ್ಮ ಊರಿನಲ್ಲಿ ಮೂವತ್ತು ದಾಟಿದವರಲ್ಲಿ ಎಷ್ಟು ಮಂದಿ ಬಾಯಿ ಪರೀಕ್ಷೆ ಮಾಡಿಸಿಕೊಂಡಿದ್ದಾರೆ? ಉಳಿದವರನ್ನು ಕರೆದೊಯ್ಯುವ ಹೊಣೆ ಯಾರು ಹೊರುತ್ತೀರಿ?